ಬಿಳಿ ನಂಬರು ಗುಲಾಬಿಯಾಗುವುದೇಕೆ?

ಕೆಂಪು ಜರ್ಸಿಯ ಬೆನ್ನಿಗೆ ಹಾಕಿದ ಬಿಳಿ ನಂಬರು ಅಂಗಡಿಯಿಂದ ಹೊರಡುವಾಗ ಅಪ್ಪಟ ಬಿಳಿಯಾಗಿಯೇ ಇರುತ್ತದೆ. ಎಷ್ಟೋ ಸಲ ಮರುದಿನವೂ ಹಾಗೆಯೇ ಇರುತ್ತದೆ. ನಾಲ್ಕೈದು ದಿನ ಕಳೆದು, ಪಂದ್ಯದ ಮುಂಜಾನೆ ಗಂಟು ಬಿಚ್ಚಿ ನೋಡಿದರೆ ನಂಬರು ನಸುಗುಲಾಬಿಗೆ ತಿರುಗಿರುತ್ತದೆ. “ಹಳೇ ಇಂಕ್ ಹಾಕ್ಯಾರ ನೋಡ್ರಿ” ಎಂದು ತಂಡದವರು ತಕರಾರು ತೆಗೆಯುತ್ತಾರೆ. “ಇಂಕ್ ಛಲೋ ಅದರಿ ಅಣ್ಣಾ, ನೀವ್ ತಂದ ಬಟ್ಟೀನೇ ಬಣ್ಣ ಬಿಟ್ಟದ” ಎಂದು ಪ್ರಿಂಟ್ ಹಾಕಿದವರು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಬಣ್ಣ ಬಿಟ್ಟದ್ದು ಬಟ್ಟೆಯೇ ಹೌದು. ಆದರೆ ಅದು ಬಣ್ಣ ಬಿಡುವಂತೆ ಮಾಡಿದ್ದು ಇಂಕ್ ಗಟ್ಟಿಯಾಗಲೆಂದು ಕೊಟ್ಟ ಬಿಸಿ, ಮತ್ತು ಅಷ್ಟು ಬಿಸಿ ಬೇಡುವ ಇಂಕನ್ನು ಆರಿಸಿಕೊಂಡ ನಿರ್ಧಾರ.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಪ್ರಿಂಟ್ ಹಾಕಿದ ಅಂಗಿಗೆ ಈಗ ವರ್ಷವಿಡೀ ಗಿರಾಕಿ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ, ಶೀಗಿ ಹುಣ್ಣಿಮೆಗೆ ವಾಲ್ಮೀಕಿ ಜಯಂತಿ, ನವೆಂಬರ್ ಒಂದಕ್ಕೆ ರಾಜ್ಯೋತ್ಸವ. ಇವುಗಳ ನಡುವೆ ಊರೂರ ಕಬಡ್ಡಿ, ವಾಲಿಬಾಲ್, ಟೆನ್ನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳು, ಶಾಲಾ ಕ್ರೀಡಾಕೂಟಗಳು. 2010ರಲ್ಲಿ ಯಾದಗಿರಿ ಗುಲ್ಬರ್ಗದಿಂದ ಬೇರೆಯಾಗಿ ರಾಜ್ಯದ 30ನೇ ಜಿಲ್ಲೆಯಾದ ಮೇಲೆ ಜಿಲ್ಲಾ ಮಟ್ಟದ ಆಟೋಟಗಳೂ ಇಲ್ಲೇ ನಡೆಯತೊಡಗಿದವು. ತಂಡ ಅಂದಮೇಲೆ ಹೆಸರು, ನಂಬರು ಬೇಕೇ ಬೇಕು. ಬೆನ್ನ ಮೇಲೆ ಊರಿನ ಹೆಸರು ಹೊತ್ತು ಅಂಕಣಕ್ಕಿಳಿಯುವ ಹುಡುಗನಿಗೆ ಅದು ಬರೀ ಅಂಗಿಯಲ್ಲ.

ಆ ಅಂಗಿ ಈಗ ಹತ್ತಿಯದೂ ಅಲ್ಲ. ಸುತ್ತ ಎತ್ತ ನೋಡಿದರೂ ಹತ್ತಿ ಹೊಲ, ಶಹಾಪುರದಲ್ಲಿ ಜಿನ್ನಿಂಗ್ ಮಿಲ್ಲುಗಳು. ಆದರೂ ಆಟದ ಹುಡುಗರು ಕೇಳುವುದು ‘ಡ್ರೈ ಫಿಟ್’. ಲುಧಿಯಾನ, ದೆಹಲಿ, ತಿರುಪ್ಪೂರು ಕಡೆಯಿಂದ ಬರುವ ಡಾಟ್ ನಿಟ್, ರೈಸ್ ನಿಟ್ ಬಟ್ಟೆಗಳು ನೂರಕ್ಕೆ ನೂರು ಪಾಲಿಯೆಸ್ಟರ್. ಇದಕ್ಕೆ ಕಾರಣವೂ ಉಂಟು. ಹತ್ತಿ ಎಳೆ ಗಾಳಿಯಲ್ಲಿನ ತೇವವನ್ನೇ ತನ್ನ ತೂಕದ ಶೇ 7–8ರಷ್ಟು ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಹೀರುವುದು ಶೇ 0.4ರಷ್ಟು ಮಾತ್ರ. ಬೆವರು ಎಳೆಯೊಳಗೆ ಇಳಿಯದೆ ಎಳೆಗಳ ಸಂದಿಯಲ್ಲೇ ಹರಡಿ ಬೇಗ ಆರುತ್ತದೆ. ಆಡುವವರಿಗೆ ಇದು ಅನುಕೂಲ. ಪ್ರಿಂಟ್ ಹಾಕುವವರಿಗೆ ಇದೇ ಮೊದಲ ತೊಡಕು: ಬೆವರನ್ನು ಒಳಗೆ ಬಿಟ್ಟುಕೊಳ್ಳದ ಎಳೆ ಇಂಕನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಂಕ್ ಮೇಲೆಯೇ ಕೂತು ಹಿಡಿದುಕೊಳ್ಳಬೇಕು.

ಪಾಲಿಯೆಸ್ಟರ್ ಎಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್ಕೇ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿಯವರಿಗೆ ಉಡುಗೊರೆಯಾಗಿ ಸಿಕ್ಕ ತಿಳಿನೀಲಿ ಜಾಕೆಟ್ ಬಳಸಿ ಎಸೆದ ಬಾಟಲಿಗಳಿಂದ ಮಾಡಿದ್ದೆಂದು ಸುದ್ದಿಯಾಗಿತ್ತು. ಈ ನಾರನ್ನು 1941ರಲ್ಲಿ ಕಂಡುಹಿಡಿದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕೆಲಸಕ್ಕಿದ್ದದ್ದು ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಯಲ್ಲಿ, ಅಂದರೆ ಬಟ್ಟೆಗೆ ಅಚ್ಚು ಹಾಕುವವರ ಬಳಿಯಲ್ಲೇ. ಅಚ್ಚಿನವರ ಮನೆಯಲ್ಲಿ ಹುಟ್ಟಿದ ನಾರು ಅಚ್ಚಿನವರನ್ನೇ ಇಷ್ಟು ಕಾಡುವುದು ಕುತೂಹಲದ ಸಂಗತಿ.

ಕಾಡುವುದು ಹೇಗೆಂದು ತಿಳಿಯಲು ಬಟ್ಟೆಗೆ ಬಣ್ಣ ಕಟ್ಟುವ ಕ್ರಮ ಗೊತ್ತಿರಬೇಕು. ಹತ್ತಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರಿಗೆ ಹಿಡಿಯದು. ಅದಕ್ಕೆ ಡಿಸ್ಪರ್ಸ್ ಡೈ ಎಂಬ ಜಾತಿಯ ಬಣ್ಣವೇ ಬೇಕು. ಬಟ್ಟೆ ಮತ್ತು ಬಣ್ಣದ ನೀರನ್ನು ಮುಚ್ಚಿದ ಯಂತ್ರದಲ್ಲಿ ಒತ್ತಡ ಕೊಟ್ಟು ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಆ ಬಿಸಿಗೆ ನಾರಿನ ಒಳರಚನೆ ಸಡಿಲಗೊಂಡು ಬಣ್ಣದ ಕಣಗಳು ಒಳಗೆ ಸೇರುತ್ತವೆ. ತಣಿದಾಗ ನಾರು ಬಿಗಿದುಕೊಂಡು ಬಣ್ಣ ಒಳಗೇ ಸಿಕ್ಕಿಬೀಳುತ್ತದೆ. ಅಲ್ಲಿ ಅದನ್ನು ಹಿಡಿದಿಟ್ಟಿರುವುದು ಗಟ್ಟಿಯಾದ ರಾಸಾಯನಿಕ ಬೆಸುಗೆ ಅಲ್ಲ. ಮತ್ತೆ ಅಷ್ಟೇ ಬಿಸಿ ಕೊಟ್ಟರೆ ಬಾಗಿಲು ಮತ್ತೆ ತೆರೆಯುತ್ತದೆ.

ಸಾಮಾನ್ಯ ಪ್ಲಾಸ್ಟಿಸಾಲ್ ಇಂಕ್ ಪೂರ್ತಿ ಗಟ್ಟಿಯಾಗಲು ಬೇಕಾದದ್ದು ಸುಮಾರು 160 ಡಿಗ್ರಿ.

ತೊಂದರೆಯ ಬೇರು ಈ ಎರಡು ಅಂಕಿಗಳ ನಡುವೆ ಇದೆ. ಬಣ್ಣ ಒಳಹೋದ ಬಿಸಿಗಿಂತ ಇಂಕ್ ಬೇಡುವ ಬಿಸಿ ಹೆಚ್ಚು. ಡಿಸ್ಪರ್ಸ್ ಬಣ್ಣಕ್ಕೆ ಇನ್ನೊಂದು ಗುಣವಿದೆ: ಕರ್ಪೂರದ ಹಾಗೆ ಅದು ಕರಗಿ ನೀರಾಗದೆ ನೇರ ಆವಿಯಾಗಬಲ್ಲದು. ಆವಿಯಾದ ಕೆಂಪು ಮೇಲೆದ್ದು ಇಂಕಿನ ಪದರಕ್ಕೆ ನುಗ್ಗುತ್ತದೆ. ಪ್ಲಾಸ್ಟಿಸಾಲ್ ಎಂದರೆ ಪಿವಿಸಿ ಪುಡಿಯನ್ನು ಎಣ್ಣೆಯಂಥ ಪ್ಲಾಸ್ಟಿಸೈಜರಿನಲ್ಲಿ ಕದಡಿದ ಇಂಕ್. ಆ ಎಣ್ಣೆಯಲ್ಲಿ ಡಿಸ್ಪರ್ಸ್ ಬಣ್ಣ ಸಲೀಸಾಗಿ ಕರಗುತ್ತದೆ. ಹಾಗಾಗಿ ಒಲೆಯಿಂದ ಹೊರಬಂದ ಮೇಲೂ ಬಣ್ಣದ ನಡಿಗೆ ನಿಲ್ಲುವುದಿಲ್ಲ. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಿಧಾನವಾಗಿ ಸಾಗುತ್ತಿರುತ್ತದೆ. ಬಿಸಿಬಿಸಿ ಜರ್ಸಿಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಅದಕ್ಕೆ ಇನ್ನೂ ಅನುಕೂಲ. ಬಿಸಿಲಲ್ಲಿ ನಿಂತ ಬಸ್ಸಿನ ಮಾಳಿಗೆಯ ಮೇಲೆ ಕೂತ ಗಂಟಿನೊಳಗೆ ಏನಾಗುತ್ತದೆಂದು ಊಹಿಸಬಹುದು.

ಒಂದೇ ಕೆಂಪಿನ ಎರಡು ಬಟ್ಟೆಗಳಲ್ಲಿ ಒಂದು ಸುಮ್ಮನಿದ್ದು ಇನ್ನೊಂದು ಬಣ್ಣ ಬಿಡುವುದಕ್ಕೂ ಕಾರಣವಿದೆ. ಕೆಲವು ಡಿಸ್ಪರ್ಸ್ ಬಣ್ಣಗಳು ಕಡಿಮೆ ಬಿಸಿಗೇ ಆವಿಯಾಗುತ್ತವೆ, ಕೆಲವು ಹೆಚ್ಚು ಬಿಸಿ ತಾಳುತ್ತವೆ. ಅಲ್ಲದೆ ಗಾಢ ಬಣ್ಣ ಕಟ್ಟಿದ ಮೇಲೆ ನಾರಿನ ಮೇಲ್ಮೈಯಲ್ಲಿ ಅಂಟಿ ಉಳಿದ ಬಣ್ಣವನ್ನು ಕಾಸ್ಟಿಕ್ ಮತ್ತು ಹೈಡ್ರೋಸಲ್ಫೈಟ್ ಹಾಕಿ ತೊಳೆದು ತೆಗೆಯಬೇಕು. ಅಗ್ಗದ ಮಾಲು ಮಾಡುವಲ್ಲಿ ಈ ತೊಳೆತವನ್ನು ಮೊಟಕು ಮಾಡುವುದುಂಟು. ಇದ್ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಕೆಂಪು, ಮರೂನ್, ಕಪ್ಪು, ಗಾಢ ನೀಲಿ ಬಟ್ಟೆಗಳನ್ನು ಮೊದಲಿಂದಲೇ ಅನುಮಾನದಿಂದ ನೋಡುವುದು ಒಳ್ಳೆಯದು. ಕಬಡ್ಡಿ ತಂಡಗಳ ಅಚ್ಚುಮೆಚ್ಚಿನ ಬಣ್ಣಗಳೂ ಇವೇ.

ಹಾಗಾದರೆ ಯಾವ ಇಂಕ್? ಚಿಕ್ಕ ಊರಿನ ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವುದು ‘ಖಾಡಿ’ ಬಿಳಿ ಮತ್ತು ಬೈಂಡರ್ ಬೆರೆಸಿದ ಪಿಗ್ಮೆಂಟ್. ಹತ್ತಿ ಬನಿಯನ್, ಕೈಚೀಲಗಳಿಗೆ ಇದು ದಶಕಗಳಿಂದ ನಂಬಿಕೆಯ ಸರಕು. ಪಾಲಿಯೆಸ್ಟರಿಗೆ ಸಲ್ಲದು. ಬೈಂಡರ್ ಸರಿಯಾಗಿ ಹಿಡಿಯಲು ಸುಮಾರು 150 ಡಿಗ್ರಿಯಲ್ಲಿ ಕೆಲವು ನಿಮಿಷ ಬೇಕು. ಬಿಸಿಲಿಗೆ ಹರಡಿ ಮೇಲೊಂದು ಇಸ್ತ್ರಿ ಎಳೆದರೆ ಸಾಲದು. ನುಣುಪಾದ ಎಳೆಯ ಮೇಲೆ ಅದರ ಹಿಡಿತವೂ ಅಷ್ಟಕ್ಕಷ್ಟೇ. ನಾಲ್ಕು ಒಗೆತಕ್ಕೆ ಬಿರುಕು ಬಿಟ್ಟು ಉದುರುತ್ತದೆ. ಮಾಮೂಲಿ ಪ್ಲಾಸ್ಟಿಸಾಲ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರ 160 ಡಿಗ್ರಿಯ ಹಸಿವಿನ ಕಥೆ ಮೇಲೆಯೇ ಬಂತು. ಅದರ ಜೊತೆಗೆ 150 ದಾಟಿದರೆ ತೆಳು ಜರ್ಸಿ ಬಟ್ಟೆ ಮುದುಡುವ, ಒತ್ತಿದಲ್ಲಿ ಹೊಳಪುಗಟ್ಟುವ ಭಯವೂ ಇದೆ.

ಪಾಲಿಯೆಸ್ಟರಿಗೆಂದೇ ಬಂದವು ‘ಲೋ ಬ್ಲೀಡ್’ ಮತ್ತು ‘ಲೋ ಕ್ಯೂರ್’ ಪ್ಲಾಸ್ಟಿಸಾಲ್‌ಗಳು. ಇವೆರಡೂ ಒಂದೇ ಅಲ್ಲ, ಕೊಳ್ಳುವಾಗ ಈ ವ್ಯತ್ಯಾಸ ನೆನಪಿರಬೇಕು. ಲೋ ಬ್ಲೀಡ್ ಎಂದರೆ ಮೇಲೆದ್ದು ಬರುವ ಬಣ್ಣವನ್ನು ತಡೆಯುವ ಅಥವಾ ಬಿಳಿಚಿಸುವ ದ್ರವ್ಯ ಬೆರೆಸಿದ ಇಂಕ್. ಅದು 160 ಡಿಗ್ರಿ ಕೇಳಿದರೂ ಕೇಳಬಹುದು. ಲೋ ಕ್ಯೂರ್ ಎಂದರೆ 130–140 ಡಿಗ್ರಿಗೇ ಗಟ್ಟಿಯಾಗುವ ಇಂಕ್. ಅದರಲ್ಲಿ ಬಣ್ಣ ತಡೆಯುವ ದ್ರವ್ಯ ಇರಲೇಬೇಕೆಂದಿಲ್ಲ. ಎರಡೂ ಗುಣ ಇರುವ ಬಿಳಿ ಇಂಕ್ ಸಿಕ್ಕರೆ ಜಿಲ್ಲೆಯ ಬಹುಪಾಲು ಜರ್ಸಿಗಳಿಗೆ ಅದೇ ಸರಿಯಾದ ಆಯ್ಕೆ. ಬಣ್ಣವನ್ನು ತಡೆದು ನಿಲ್ಲಿಸುವುದಕ್ಕಿಂತ ಅದನ್ನು ಎಬ್ಬಿಸದೇ ಇರುವುದು ಸುಲಭ.

ಲೋ ಬ್ಲೀಡ್ ಇಂಕುಗಳದ್ದೊಂದು ವಿಚಿತ್ರ ಕಾಟವೂ ಇದೆ. ತಣಿಯುವ ಮೊದಲೇ ಜರ್ಸಿಗಳನ್ನು ಪೇರಿಸಿದರೆ ಕೆಲವು ಇಂಕಿನಲ್ಲಿರುವ ಬಿಳಿಚಿಸುವ ದ್ರವ್ಯ ಮೇಲಿನ ಅಂಗಿಯ ಬಟ್ಟೆಯ ಮೇಲೆ ಕೆಲಸ ಮಾಡಿ, ಅಲ್ಲಿ ಕೆಳಗಿನ ನಂಬರಿನ ಮಸುಕು ನೆರಳು ಮೂಡಿಸುತ್ತದೆ. ತೊಳೆದರೂ ಅದು ಹೋಗದು. ಒಂದೊಂದೇ ಅಂಗಿಯನ್ನು ಹರವಿ, ಕೈಗೆ ತಣ್ಣಗೆ ಹತ್ತಿದ ಮೇಲೆಯೇ ಮಡಚಬೇಕು.

ತೀರಾ ಹಟಮಾರಿ ಬಟ್ಟೆಗೆ, ಅದರಲ್ಲೂ ಮೊದಲೇ ಸಬ್ಲಿಮೇಷನ್ ಮಾಡಿ, ಅಂದರೆ ಬಣ್ಣವನ್ನು ಆವಿಯಾಗಿಸಿ ಬಟ್ಟೆಗೆ ಇಳಿಸಿ, ಬಣ್ಣ ತುಂಬಿದ ಜರ್ಸಿಗೆ, ಬಿಳಿಯ ಕೆಳಗೆ ಬೂದು ಇಲ್ಲವೇ ಕಪ್ಪು ಬಣ್ಣದ ತಡೆ ಪದರವೊಂದನ್ನು ಎಳೆಯುತ್ತಾರೆ. ಇಂಥ ಇಂಕಿನಲ್ಲಿ ಇದ್ದಿಲಿನ ಪುಡಿ, ಅಂದರೆ ಆಕ್ಟಿವೇಟೆಡ್ ಕಾರ್ಬನ್ ಇರುತ್ತದೆ. ನೀರಿನ ಫಿಲ್ಟರಿನಲ್ಲಿ ಕಶ್ಮಲ ಹಿಡಿಯುವ ಇದ್ದಿಲು ಇಲ್ಲಿ ಬಣ್ಣದ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಪದರದ ಅಕ್ಷರವನ್ನು ಮೇಲಿನ ಬಿಳಿ ಅಕ್ಷರಕ್ಕಿಂತ ಕೂದಲೆಳೆಯಷ್ಟು ಒಳಕ್ಕೆ ಸರಿಸಿ ಫಿಲ್ಮ್ ತೆಗೆಯಬೇಕು, ಇಲ್ಲವಾದರೆ ಅಂಚಿನಲ್ಲಿ ಬೂದು ಇಣುಕುತ್ತದೆ.

ಕನ್ನಡ ಅಕ್ಷರಕ್ಕೆ ಇಲ್ಲಿ ಬೇರೆಯೇ ಎಚ್ಚರ ಬೇಕು. ಬಿಳಿ ದಟ್ಟವಾಗಿ ಕೂರಲೆಂದು ಸ್ಕ್ರೀನಿಗೆ ಇಂಚಿಗೆ 110 ಎಳೆಯ ಆಸುಪಾಸಿನ ಒರಟು ಮೆಶ್, ಅಂದರೆ ಬಲೆ, ಬಳಸುವುದು ರೂಢಿ. ಇಂಗ್ಲಿಷಿನ ಚೌಕಾಕಾರದ ಅಕ್ಷರ, ಅಂಕಿಗಳಿಗೆ ಅದು ಸಾಕು. ಆದರೆ ‘ಕಲ್ಯಾಣ ಕರ್ನಾಟಕ ಉತ್ಸವ’ ಎಂದು ಬರೆಯುವಾಗ ‘ತ್ಸ’ದ ಒತ್ತು, ‘ಲ್ಯಾ’ದ ಯಒತ್ತು, ‘ರ್ನಾ’ದ ಅರ್ಕಾವತ್ತುಗಳ ಒಳಗಿನ ಪುಟ್ಟ ಕಂಡಿಗಳು ದಪ್ಪ ಇಂಕಿಗೆ ಮುಚ್ಚಿಹೋಗುತ್ತವೆ. ತಡೆ ಪದರ, ಬಿಳಿ, ಮೇಲೆ ಇನ್ನೊಂದು ಬಣ್ಣ ಎಂದು ಮೂರು ಸಲ ಇಂಕ್ ಒತ್ತುವ ಸ್ಕ್ವೀಜಿ ಎಳೆದರೆ ಒತ್ತಕ್ಷರ ಒಂದು ಉಂಡೆಯಾಗಿ ಕೂರುತ್ತದೆ. ಒತ್ತಕ್ಷರವಿರುವ ಸಾಲನ್ನು ದೊಡ್ಡದಾಗಿ, ಸಮದಪ್ಪದ ಗೆರೆಯ ಅಕ್ಷರದಲ್ಲಿ ಕೂರಿಸಬೇಕು. ಮೇಲಿನ ಬಣ್ಣಕ್ಕೆ ಸಣ್ಣ ಮೆಶ್ ಹಾಕಬೇಕು. ಬೆನ್ನ ಮೇಲೆ ಊರಿನ ಹೆಸರು ಕನ್ನಡದಲ್ಲೇ ಇರಲಿ ಎನ್ನುವವರು ಡಿಸೈನ್ ಮಾಡುವಾಗಲೇ ಈ ಮಾತು ಎತ್ತಬೇಕು, ಸ್ಕ್ರೀನ್ ಎಕ್ಸ್‌ಪೋಸ್ ಆದ ಮೇಲೆ ತಡವಾಗುತ್ತದೆ.

ಬಟ್ಟೆಯ ಬಣ್ಣ ಇಂಕಿಗೆ ಏರದಂತೆ ನೋಡಿಕೊಳ್ಳುವುದರಲ್ಲಿ ಸಿಲಿಕೋನ್ ಇಂಕ್ ಎಲ್ಲಕ್ಕಿಂತ ಮೇಲು. ಅದರಲ್ಲಿ ಪಿವಿಸಿಯೂ ಇಲ್ಲ, ಬಣ್ಣ ಕರಗಿಸಿಕೊಳ್ಳುವ ಪ್ಲಾಸ್ಟಿಸೈಜರೂ ಇಲ್ಲ. ಕ್ಯಾಟಲಿಸ್ಟ್ ಬೆರೆಸಿದರೆ 110–130 ಡಿಗ್ರಿಗೇ ಗಟ್ಟಿಯಾಗುತ್ತದೆ, ಬಟ್ಟೆಯ ಜೊತೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ, ಹಾಗಾಗಿ ಲೈಕ್ರಾ ಬೆರೆತ ಬಿಗಿ ಜರ್ಸಿಗೂ ಒಗ್ಗುತ್ತದೆ. ದೊಡ್ಡ ಬ್ರಾಂಡುಗಳು ಇದರತ್ತ ವಾಲಿದ್ದು ಸುಮ್ಮನೆ ಅಲ್ಲ. ಬೆಲೆ ಮಾತ್ರ ಪ್ಲಾಸ್ಟಿಸಾಲಿನ ಹಲವು ಪಟ್ಟು. ಬೆರೆಸಿದ ಇಂಕನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಉಳಿದದ್ದು ಡಬ್ಬಿಯಲ್ಲೇ ಗಟ್ಟಿ. ಒಮ್ಮೆ ಸಿಲಿಕೋನ್ ಹಾಕಿದ ಮೇಲೆ ಅದರ ಮೇಲೆ ಸಿಲಿಕೋನ್ ಬಿಟ್ಟು ಬೇರೆ ಇಂಕ್ ಹಿಡಿಯದು. ಹನ್ನೆರಡು ಜರ್ಸಿಯ ಆರ್ಡರಿಗೆ ಇಷ್ಟೆಲ್ಲ ಹೊಂದಿಸುವುದು ಕಷ್ಟ; ನೂರಾರು ಅಂಗಿಗಳ ಕೆಲಸವಿದ್ದರೆ ಲೆಕ್ಕ ಹಾಕಿ ನೋಡಬಹುದು.

ಪುಸ್ತಕದ ಸಲಹೆಗಳನ್ನು ಯಾದಗಿರಿಯ ಬೇಸಿಗೆಯಲ್ಲಿ ಮತ್ತೊಮ್ಮೆ ತೂಗಿ ನೋಡಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಮಾಡಿನ ಕೆಳಗೆ ಅದಕ್ಕಿಂತ ಹೆಚ್ಚು. ಲೋ ಕ್ಯೂರ್ ಇಂಕಿನ ಡಬ್ಬಿಯನ್ನು 32–35 ಡಿಗ್ರಿಯೊಳಗೆ ಇಡಬೇಕೆಂದು ತಯಾರಕರು ಹೇಳುತ್ತಾರೆ; ಬೇಗ ಗಟ್ಟಿಯಾಗುವಂತೆ ಮಾಡಿದ ಇಂಕ್ ಬಿಸಿ ಕೋಣೆಯಲ್ಲಿ ಡಬ್ಬಿಯೊಳಗೇ ಹೆಪ್ಪುಗಟ್ಟತೊಡಗುತ್ತದೆ. ಸಿಲಿಕೋನಿಗೆ ಕ್ಯಾಟಲಿಸ್ಟ್ ಬೆರೆಸಿದ ಮೇಲೆ ಸಿಗುವ ಅವಧಿಯೂ ಬಿಸಿಯಲ್ಲಿ ಕುಗ್ಗುತ್ತದೆ. ನೀರು ಆಧಾರಿತ ಇಂಕುಗಳದ್ದು ಇನ್ನೊಂದು ಪಾಡು: ಒಣಹವೆಗೆ ಮೆಶ್ಶಿನ ಕಂಡಿಯಲ್ಲೇ ಒಣಗಿ ಕಚ್ಚಿಕೊಳ್ಳುತ್ತವೆ, ಪ್ರತಿ ಹತ್ತು ಅಂಗಿಗೊಮ್ಮೆ ಒರೆಸುತ್ತ ಕೂರಬೇಕು. ಅಂಬೇಡ್ಕರ್ ಜಯಂತಿಯ ನೀಲಿ ಅಂಗಿಗಳ ಕೆಲಸ ಬರುವುದು ಸರಿಯಾಗಿ ಈ ದಿನಗಳಲ್ಲೇ. ಇಂಕನ್ನು ಮಾಳಿಗೆಯ ಕೋಣೆಯಿಂದ ಕೆಳಗಿನ ತಂಪು ಕೋಣೆಗೆ ಇಳಿಸಿ, ಒಂದು ಹಂಗಾಮಿಗೆ ಬೇಕಾದಷ್ಟನ್ನೇ ತರಿಸಿ, ನಸುಕಿನಲ್ಲೇ ಮೇಜಿಗೆ ನಿಲ್ಲುವುದು ಇಲ್ಲಿಗೆ ಒಪ್ಪುವ ದಾರಿ.

ಬಿಸಿಲಿನ ಕಾರಣಕ್ಕೇ ಇನ್ನೊಂದು ಮಾತು. ಎದೆಯ ತುಂಬ ಗಟ್ಟಿ ಚಿತ್ರ ಹಾಕಿದರೆ ಅಷ್ಟು ಜಾಗದಲ್ಲಿ ಅಂಗಿ ಪ್ಲಾಸ್ಟಿಕ್ ಹಾಳೆಯೇ ಆಗುತ್ತದೆ. ಬೆವರು ಆರಲೆಂದು ತಂದ ಬಟ್ಟೆ, ಪ್ರಾಯೋಜಕರ ದೊಡ್ಡ ಚೌಕದ ಕೆಳಗೆ ಬೆವರನ್ನು ಕಟ್ಟಿಹಾಕುತ್ತದೆ. ಅಂಥ ಚಿತ್ರವನ್ನು ಚುಕ್ಕಿ ಅಥವಾ ಗೆರೆಗಳಾಗಿ ಒಡೆದು ನಡುವೆ ಬಟ್ಟೆ ಉಸಿರಾಡಲು ಬಿಡಬೇಕು.

ರಾಜ್ಯೋತ್ಸವದ ಅಂಗಿಗಳನ್ನು ನೋಡಿದರೆ ಇಂಕಿನಷ್ಟೇ ಬಣ್ಣದ ಜೋಡಿಯೂ ಮುಖ್ಯವೆಂದು ಗೊತ್ತಾಗುತ್ತದೆ. ಹಳದಿ ಪಾಲಿಯೆಸ್ಟರ್ ಮೇಲೆ ಕೆಂಪು ಇಂಕಿನಲ್ಲಿ ‘ಕನ್ನಡ’ ಎಂದು ಬರೆದರೆ ಹಳದಿ ಮೇಲೆದ್ದು ಬಂದರೂ ಕೆಂಪಿನಲ್ಲಿ ಕಾಣುವುದೇ ಇಲ್ಲ. ಅದನ್ನೇ ತಿರುಗಿಸಿ ಕೆಂಪು ಅಂಗಿಯ ಮೇಲೆ ಹಳದಿ ಬರೆದರೆ ಹಳದಿ ಕಿತ್ತಳೆಯತ್ತ ಜಾರುತ್ತದೆ. ಬಿಳಿಯಾದರಂತೂ ಸಾಕ್ಷಿ ಸಮೇತ ಗುಲಾಬಿ. ಹಣ ಬಿಗಿಯಿರುವ ಹಳ್ಳಿ ತಂಡಕ್ಕೆ ಕೆಂಪು ಜರ್ಸಿಯೇ ಬೇಕೆಂದರೆ ಕಪ್ಪು ನಂಬರು ಹಾಕಿಸುವುದು ಕಡಿಮೆ ಖರ್ಚಿನ, ನಂಬಬಹುದಾದ ಉಪಾಯ. ಬಣ್ಣ ಬಂದರೂ ಕಪ್ಪು ಅದನ್ನು ನುಂಗಿಕೊಳ್ಳುತ್ತದೆ.

ಈಚೆಗೆ ಪೂರ್ತಿ ಸಬ್ಲಿಮೇಷನ್ ಜರ್ಸಿಗಳು ಹೆಚ್ಚಿವೆ. ಬಣ್ಣ ಆವಿಯಾಗುವ ಅದೇ ಗುಣವನ್ನು ಇಲ್ಲಿ ಬೇಕೆಂದೇ ಬಳಸುತ್ತಾರೆ: ಕಾಗದದ ಮೇಲೆ ಮುದ್ರಿಸಿದ ಡಿಸ್ಪರ್ಸ್ ಬಣ್ಣವನ್ನು ಸುಮಾರು 200 ಡಿಗ್ರಿಯ ಹೀಟ್ ಪ್ರೆಸ್ ಕೆಳಗೆ ಬಿಳಿ ಪಾಲಿಯೆಸ್ಟರಿಗೆ ಇಳಿಸುತ್ತಾರೆ. ಇಂಕಿನ ಪದರವೇ ಇಲ್ಲ, ಬಿರುಕಿನ ಮಾತಿಲ್ಲ, ಗಾಳಿಗೂ ಅಡ್ಡಿಯಿಲ್ಲ. ಬಿಳಿ ಅಥವಾ ತೀರಾ ತಿಳಿ ಬಟ್ಟೆಗೆ ಮಾತ್ರ ಇದು ಸಾಧ್ಯ. ಹೊಸದಾಗಿ ಜರ್ಸಿ ಮಾಡಿಸುವ ತಂಡಕ್ಕೆ ಇದು ಹಲವು ಸಲ ಸ್ಕ್ರೀನ್ ಪ್ರಿಂಟಿಗಿಂತ ಒಳ್ಳೆಯದು. ಅಂಗಡಿಯಲ್ಲಿ ಸಿದ್ಧ ಇರುವ ಬಣ್ಣದ ಜರ್ಸಿಗೆ ನಾಳೆಯೇ ನಂಬರು ಬೇಕು ಎನ್ನುವವರಿಗೆ ಸ್ಕ್ರೀನೇ ಗತಿ, ಇಲ್ಲವೇ ಡಿಟಿಎಫ್ ಎಂಬ ಫಿಲ್ಮ್ ಅಂಟಿಸುವ ವಿಧಾನ. ಆ ಫಿಲ್ಮನ್ನೂ 150 ಡಿಗ್ರಿಯ ಸುಮಾರಿಗೆ ಒತ್ತುವುದರಿಂದ ಕೆಂಪಿನ ಕಾಟ ಅಲ್ಲಿಯೂ ತಪ್ಪಿದ್ದಲ್ಲ.

ಯಾವ ಇಂಕ್ ಆದರೂ ಪರೀಕ್ಷೆಯಿಲ್ಲದೆ ಹಾಕಬಾರದು. ಬಟ್ಟೆಯ ಬಣ್ಣ ಒಣಬಿಸಿಯನ್ನು ಎಷ್ಟು ತಾಳುತ್ತದೆಂದು ನೋಡಲು ಅಂತರರಾಷ್ಟ್ರೀಯ ಮಾನಕವೇ ಇದೆ. ಐಎಸ್‌ಒ 105-ಪಿ01 ಎಂಬ ಅದರಲ್ಲಿ ಬಣ್ಣದ ಬಟ್ಟೆಯನ್ನು ಬಿಳಿ ಬಟ್ಟೆಗೆ ತಾಗಿಸಿ 150, 180 ಅಥವಾ 210 ಡಿಗ್ರಿಯಲ್ಲಿ 30 ಸೆಕೆಂಡ್ ಒತ್ತಿ, ಬಿಳಿಗೆ ಎಷ್ಟು ಬಣ್ಣ ಹತ್ತಿತೆಂದು ಅಳೆಯುತ್ತಾರೆ. ಹೀಟ್ ಪ್ರೆಸ್ ಇರುವ ಅಂಗಡಿಯಲ್ಲಿ ಇದನ್ನು ಒಂದು ಬಿಳಿ ಪಾಲಿಯೆಸ್ಟರ್ ತುಂಡಿನ ಮೇಲೆ ಅರ್ಧ ನಿಮಿಷದಲ್ಲಿ ಮಾಡಿ ನೋಡಬಹುದು. 150ಕ್ಕೇ ತುಂಡು ಕೆಂಪಾದರೆ ಆ ಲಾಟಿಗೆ ತಡೆ ಪದರ ಬೇಕೇ ಬೇಕು. ಲಾಟು ಬದಲಾದಾಗಲೆಲ್ಲ ಮತ್ತೆ ನೋಡಬೇಕು. ಹೋದ ತಿಂಗಳ ಕೆಂಪು ಈ ತಿಂಗಳ ಕೆಂಪಲ್ಲ. ಆಮೇಲೆ ಒಂದು ಅಂಗಿಗೆ ಪ್ರಿಂಟ್ ಹಾಕಿ, ಅಚ್ಚಿಗೆ ಬಟ್ಟೆ ತಾಗುವಂತೆ ಮಡಚಿ, ಭಾರ ಹೇರಿ ಎರಡು ಮೂರು ದಿನ ಬೆಚ್ಚಗಿನ ಜಾಗದಲ್ಲಿಟ್ಟು ಮುಂದಿನ ಕೆಲಸಕ್ಕೆ ಕೈ ಹಾಕಬೇಕು. ಪದರಗಳ ನಡುವೆ ಫ್ಲಾಶ್ ಒಲೆ ಹಿಡಿಯುವ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಬೆರಳಿಗೆ ಅಂಟದಷ್ಟು ಒಣಗಿದರೆ ಸಾಕು, ಸರಿಸಿಬಿಡಬೇಕು. ಬಿಸಿ ಕಡಿಮೆಯಾದರೂ ಕಷ್ಟವೇ: ಪೂರ್ತಿ ಗಟ್ಟಿಯಾಗದ ಇಂಕ್ ಬಟ್ಟೆ ಎಳೆದಾಗ ಬಿರಿಯುತ್ತದೆ. ಒಲೆಯ ಗುಂಡಿ ತೋರಿಸುವ ಅಂಕಿಯನ್ನು ನಂಬದೆ, ಬಟ್ಟೆಗೆ ಅಂಟಿಸುವ ತಾಪಪಟ್ಟಿಯಿಂದ ಇಂಕ್ ನಿಜಕ್ಕೂ ಎಷ್ಟು ಕಾಯುತ್ತಿದೆ ಎಂದು ನೋಡಿಕೊಳ್ಳಬೇಕು.

ಇದಕ್ಕೆಲ್ಲ ಸಮಯ ಬೇಕು, ಮತ್ತು ಸಮಯ ಇರುವುದು ಗಿರಾಕಿಯ ಕೈಯಲ್ಲಿ. ಪಂದ್ಯದ ಹಿಂದಿನ ಸಂಜೆ ಜರ್ಸಿ ತಂದುಕೊಟ್ಟು ಬೆಳಗ್ಗೆ ಕೇಳುವ ತಂಡಕ್ಕೆ ಯಾವ ಪರೀಕ್ಷೆಯೂ ಸಿಗುವುದಿಲ್ಲ. ವಾರ ಮೊದಲೇ ಕೊಟ್ಟು, ಜೊತೆಗೆ ಹಾಳಾದರೂ ಚಿಂತೆಯಿಲ್ಲದ ಒಂದು ಜರ್ಸಿ ಹೆಚ್ಚಿಗೆ ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಒಗೆಯುವಾಗ ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಬೇಕು, ಪ್ರಿಂಟಿನ ಮೇಲೆ ಇಸ್ತ್ರಿ ಆಡಿಸಬಾರದು.

ಇನ್ನು ಈ ಕೆಲಸ ಮಾಡುವವರ ಆರೋಗ್ಯದ ಮತ್ತು ಉಳಿದ ಇಂಕಿನ ಮಾತು. ನೀರು ಆಧಾರಿತ ಇಂಕಿಗೆ ಬೆರೆಸುವ ಕೆಲವು ಫಿಕ್ಸರ್‌ಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಸಿರಿಗೂ ಚರ್ಮಕ್ಕೂ ಒಳ್ಳೆಯದಲ್ಲ. ಕೈಗವಸು, ತೆರೆದ ಕಿಟಕಿ, ಹೊರಗೆ ಎಳೆಯುವ ಫ್ಯಾನ್ ಇಲ್ಲದ ಕೋಣೆಯಲ್ಲಿ ಅದನ್ನು ಬೆರೆಸಬಾರದು. ಪ್ಲಾಸ್ಟಿಸಾಲ್ ತಾನಾಗಿ ಎಂದೂ ಒಣಗದ ಕಾರಣ ಸ್ಕ್ರೀನಿನಿಂದ ಕೆರೆದ ಇಂಕನ್ನು ಚರಂಡಿಗೆ ಸುರಿದರೆ ಅದು ಹಾಗೇ ಹರಿದು ಹೋಗುತ್ತದೆ, ಯಾದಗಿರಿಯಲ್ಲಾದರೆ ಭೀಮಾ ನದಿಯತ್ತ. ಕೆರೆದದ್ದನ್ನು ಹಳೆ ಬಟ್ಟೆಯ ಮೇಲೆ ಬಳಿದು ಹೀಟ್ ಪ್ರೆಸ್‌ನಲ್ಲಿ ಗಟ್ಟಿ ಮಾಡಿ ಒಣಕಸಕ್ಕೆ ಹಾಕಬೇಕು. ಚೆನ್ನಾಗಿರುವ ಉಳಿಕೆಯನ್ನು ಡಬ್ಬಿಗೆ ಮರಳಿಸಿ, ಮೇಲೆ ತಾರೀಕು ಬರೆದು, ಮುಂದಿನ ಕೆಲಸಕ್ಕೆ ತೆಗೆದಿಡಬಹುದು.